ದೊರೆಸಾನಿ ಹೊಲಿದ ನಂಬರು

ಜೂನ್ ೧೧, ಗುರುವಾರ

ಪ್ರೀತಿಯ ತಂಗಿಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು, ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಬರೆದೆ, ಎರಡು ಸಲವೂ ಬೈಗುಳವೇ ಜಾಸ್ತಿಯಾಯಿತೆಂದು ಹರಿದು ಹಾಕಿದೆ. ಫೋನಿನಲ್ಲಾದರೆ ನೀನು ಅಳುತ್ತೀ, ನಾನು ಕೂಗಾಡುತ್ತೇನೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಇಲ್ಲಿ ಎಲ್ಲರೂ ಕ್ಷೇಮ. ನಮ್ಮ ಲಾಂಡ್ರಿಯ ದೊಡ್ಡ ಯಂತ್ರ ಮತ್ತೆ ಕೆಟ್ಟಿತ್ತು. ನಿನ್ನ ಭಾವ ಅದರ ಜೊತೆ ಮಾತು ಬಿಟ್ಟಿದ್ದರು, ನಿನ್ನೆಯಿಂದ ರಾಜಿಯಾಗಿದ್ದಾರೆ. ನಿನ್ನ ಮಗಳು, ನಮ್ಮ ದೊರೆಸಾನಿ, ಈ ಎರಡು ತಿಂಗಳಲ್ಲಿ ಅಂಗಡಿಯನ್ನೇ ಕೈಗೆ ತೆಗೆದುಕೊಂಡಿದ್ದಾಳೆ. ಬಂದ ಬಟ್ಟೆಗೆಲ್ಲ ಆಯಾ ಮನೆಯ ನಂಬರು ಬರೆದ ಬಟ್ಟೆಚೂರು ಹೊಲಿಯುವುದು, ಒಗೆದಾದ ಮೇಲೆ ನಂಬರು ನೋಡಿ ಆಯಾ ಗಂಟಿಗೆ ಸೇರಿಸುವುದು ಅವಳ ಕೆಲಸ. ಹದಿನಾಲ್ಕಾದರೂ ಓದು ತಲೆಗೆ ಹತ್ತಲಿಲ್ಲ, ಅಂಕಿ ಹತ್ತಿದೆ. ನಿಧಾನ, ಅದು ನಿಜ. ಮೊನ್ನೆ ಒಬ್ಬರು "ಬೇಗ ಕೊಡಮ್ಮ" ಅಂದದ್ದಕ್ಕೆ, "ಬೇಗ ಕೊಟ್ರೆ ಪಕ್ಕದ್ಮನೆಯವ್ರ ಪ್ಯಾಂಟ್ ಹಾಕ್ಕೊಂಡು ಓಡಾಡ್ತೀರಿ" ಅಂದಳು. ನಿನ್ನ ಭಾವ ನಕ್ಕು ನಕ್ಕು ಸುಸ್ತಾದರು.

ಈಗ ವಿಷಯಕ್ಕೆ ಬರುತ್ತೇನೆ. ಬರುವ ಮಂಗಳವಾರ ಅವಳ ಗರ್ಭಕೋಶ ತೆಗೆಸಲು ನೀವಿಬ್ಬರೂ ಒಪ್ಪಿದ್ದೀರಿ. ಅವಳಿಗೆ ಕಾಯಿಲೆಯಿಲ್ಲ. ಇದ್ದಿದ್ದರೆ ನಾನೇ ಮುಂದೆ ನಿಂತು ಮಾಡಿಸುತ್ತಿದ್ದೆ. ಮುಟ್ಟಿನ ರಗಳೆ ತಪ್ಪಲಿ, ನಾಳೆ ಯಾರಾದರೂ ಅವಳಿಗೆ ಕೆಟ್ಟದ್ದು ಮಾಡಿದರೆ ಬಸಿರಿನ ಭಯವಾದರೂ ಬೇಡ ಎಂದು ಬರೆದಿದ್ದೀ. ಆ ದಿನಗಳಲ್ಲಿ ಕಳಿಸಬೇಡಿ ಎಂದು ಶಾಲೆಯವರು ಹೇಳಿದ್ದು, ನೀನು ಕೆಲಸ ಬಿಟ್ಟು ಮನೆಯಲ್ಲಿ ಕೂತದ್ದು, ಯಾವುದನ್ನೂ ನಾನು ಮರೆತಿಲ್ಲ. ಆದರೆ ಗರ್ಭಕೋಶ ತೆಗೆದರೆ ಅವಳ ಮೈಮುಟ್ಟುವವನ ಕೈ ಕಟ್ಟಿದ ಹಾಗಾಯಿತೇ? ಅವನ ತಪ್ಪು ಹೊರಬೀಳದ ಹಾಗೆ ಗುರುತನ್ನು ನಾವೇ ಒರೆಸಿಕೊಟ್ಟ ಹಾಗಾಯಿತು. ಯಾವನೋ ಇನ್ನೂ ಮಾಡದ ತಪ್ಪಿಗೆ ಈ ಮಗುವಿನ ಹೊಟ್ಟೆ ಕೊಯ್ಯುವುದು ಯಾವ ನ್ಯಾಯ?

ಏಪ್ರಿಲ್‌ನಲ್ಲಿ ನಾವೆಲ್ಲ ಡಾಕ್ಟರ ಹತ್ತಿರ ಹೋಗಿದ್ದೆವಲ್ಲ. ಅವರು ನಿನ್ನೊಡನೆ ಮಾತಾಡಿದರು, ನಿನ್ನ ಗಂಡನೊಡನೆ ಮಾತಾಡಿದರು, ನನ್ನೊಡನೆಯೂ ಎರಡು ಮಾತಾಡಿದರು. ನಮ್ಮ ಮಧ್ಯೆ ಕೂತಿದ್ದವಳ ಕಡೆ ನೋಡಲಿಲ್ಲ. ಅವಳೇ ಅವರನ್ನು ನೋಡುತ್ತಿದ್ದಳು. "ಡಾಕ್ಟ್ರೇ, ನಿಮ್ಮ ಕೋಟಿನ ಗುಂಡಿ ಬೀಳೋ ಹಾಗಿದೆ" ಅಂದಳು. ಎಲ್ಲರೂ ನಕ್ಕೆವು. ಆ ಕೋಣೆಯಲ್ಲಿ ಎದುರಿಗಿದ್ದವರನ್ನು ಸರಿಯಾಗಿ ನೋಡಿದ್ದು ಅವಳೊಬ್ಬಳೇ ಎಂದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಅವಳನ್ನೊಂದು ಮಾತು ಕೇಳಿದಿರಾ ಎಂದು ನಾನು ಕೇಳಿದ್ದಕ್ಕೆ ನಿನ್ನ ಗಂಡ, "ನನ್ ಮಗಳು, ನಾನ್ ಸೈನ್ ಹಾಕ್ತೀನಿ, ಅತ್ತಿಗೆಗೇನು ಕಷ್ಟ?" ಅಂದರು. ಮಗಳು ಅವರವಳೇ, ಯಾರು ಇಲ್ಲ ಅಂದರು? ಹೊಟ್ಟೆ ಅವಳದು.

ರಗಳೆಯ ಮಾತು ಹೇಳಿದೆಯಲ್ಲ, ಅದಕ್ಕೂ ಕೇಳು. ಇಲ್ಲಿ ಎರಡು ಸಲ ಮುಟ್ಟಾದಳು. ಮೊದಲ ಸಲ ಹಾಸಿಗೆಯೆಲ್ಲ ಆಗಿ ಗಾಬರಿಯಾದಳು. ಪ್ಯಾಡ್ ಹೇಗೆ ಇಡುವುದು, ಯಾವಾಗ ಬದಲಾಯಿಸುವುದು ಎಂದು ಪಕ್ಕದಲ್ಲಿ ನಿಂತು ತೋರಿಸಿದೆ. ಎರಡನೆಯ ಸಲ ಅವಳೇ ನೋಡಿಕೊಂಡಳು. ಹಾಸಿಗೆಯ ಬಟ್ಟೆಗೆ ಸ್ವಲ್ಪ ತಾಗಿದ್ದನ್ನು ನಿನ್ನ ಭಾವ ಕಂಡು ಬಿಸಿನೀರಿಗೆ ಹಾಕಹೋದರೆ, "ಅಯ್ಯೋ ದೊಡ್ಡಪ್ಪ, ರಕ್ತಕ್ಕೆ ತಣ್ಣೀರು! ನೀವೇ ಹೇಳ್ಕೊಟ್ಟಿದ್ದು ಮರ್ತ್ಹೋಯ್ತಾ?" ಎಂದು ಗದರಿದಳು.

ನಿನಗೊಂದು ಹಳೆಯದು ನೆನಪಿಸಲೇ? ನೀನು ಎರಡನೆಯ ಕ್ಲಾಸಿನಲ್ಲಿದ್ದಾಗ ಹೇನು ಹೆಚ್ಚಾಯಿತೆಂದು, ನೀನು ಮಲಗಿದ್ದಾಗ ಅಪ್ಪ ನಿನ್ನ ಜಡೆ ಕತ್ತರಿಸಿದರು. ಎದ್ದು ತಲೆ ಮುಟ್ಟಿಕೊಂಡು ನೀನು ಕೂಗಿದ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. "ನನ್ನ ಯಾಕೆ ಎಬ್ಬಿಸ್ಲಿಲ್ಲ?" ಅಂದೆ. ಯಾಕೆ ಕತ್ತರಿಸಿದಿರಿ ಅನ್ನಲಿಲ್ಲ. ಅಪ್ಪನ ಕೈಯಿಂದ ಒಂದು ಮಳೆಗಾಲವಿಡೀ ನೀನು ತುತ್ತು ತಿನ್ನಲಿಲ್ಲ. ಜಡೆ ಬೆಳೆಯಿತು, ಸರಿಹೋಯಿತು.

ಅದಕ್ಕೆ ಹೇಳುತ್ತೇನೆ, ಮಂಗಳವಾರದ್ದು ಬೇಡ ಎನ್ನು. ಒಂದೆರಡು ವರ್ಷ ಅವಳು ಇಲ್ಲೇ ಇರಲಿ, ನೀನು ಮತ್ತೆ ಕೆಲಸಕ್ಕೆ ಹೋಗು. ಅವಳಿಗೆ ಅರ್ಥವಾಗುವ ಮಾತಿನಲ್ಲಿ ನಿಧಾನವಾಗಿ ಹೇಳೋಣ, ಅವಳು ಏನನ್ನುತ್ತಾಳೋ ಕೇಳೋಣ. ಭಾನುವಾರ ಭಾವ ಅವಳನ್ನು ಕರೆತರುತ್ತಾರೆ, ಈ ಕಾಗದ ಅವಳ ಬ್ಯಾಗಿನಲ್ಲೇ ಇರುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ, ನಿನ್ನ ಗಂಡನಿಗೆ ಒಳ್ಳೆಯದಾಗಲಿ. ಸಿಟ್ಟಿನ ಮಾತಿದ್ದರೆ ಅದು ನಿನ್ನ ಮೇಲಲ್ಲ.

ನಿನ್ನ
ಅಕ್ಕ

ಶನಿವಾರ ಸೇರಿಸಿದ್ದು: ಈಗ ಅವಳ ಬಟ್ಟೆ ಜೋಡಿಸುತ್ತಿದ್ದೆ. ಪ್ರತಿ ಲಂಗದ ಸೊಂಟಪಟ್ಟಿಯ ಒಳಗೆ, ಹೊಟ್ಟೆ ಬರುವಲ್ಲಿ, ನಂಬರಿನ ಬಟ್ಟೆಚೂರು ಹೊಲಿದಿದ್ದಾಳೆ. ನಿಮ್ಮ ಮನೆಯ ನಂಬರು. ಇದೇನೇ ಅಂದೆ. "ಅಮ್ಮ ಫೋನಲ್ಲಿ ಹೇಳಿದ್ಲಲ್ಲ, ಹೊಟ್ಟೆಯೊಳಗಿನ ಚೀಲ ತೆಗೀತಾರಂತೆ. ಆಸ್ಪತ್ರೇಲಿ ತುಂಬಾ ಜನ ಇರ್ತಾರೆ ದೊಡ್ಡಮ್ಮ. ವಾಪಸ್ ಕೊಡೋವಾಗ ಬೇರೆಯವ್ರದ್ದು ಕೊಟ್ಬಿಟ್ರೆ?" ಅಂದಳು. ಲಂಗಗಳನ್ನು ಹಾಗೆಯೇ ಮಡಚಿ ಬ್ಯಾಗಿಗಿಟ್ಟೆ. ಹೊಲಿಗೆ ಬಿಚ್ಚಿಲ್ಲ. ಬಿಚ್ಚುವುದಾದರೆ ನೀನೇ ಬಿಚ್ಚು, ಅವಳು ಎಚ್ಚರವಾಗಿರುವಾಗ.