ಅಡುಗೆಮನೆಯ ಕ್ಯಾಲೆಂಡರ್ ಹೇಳಿದ ಸಾಕ್ಷಿ

ದೋಹಾ
೯ ಅಕ್ಟೋಬರ್ ೨೦೨೫

ಪ್ರೀತಿಯ ಅಮ್ಮನಿಗೆ,

ಗೆದ್ದೆವು. ಮಹಶೀದ್‌ಗೆ ಸ್ವೀಡನ್ನಿನಲ್ಲಿ ಆಶ್ರಯ ಸಿಕ್ಕಿತು. ಕ್ಷೇಮ ಸಮಾಚಾರ ಆಮೇಲೆ. ಫೋನಿನಲ್ಲಿ ಹೇಳಿದರೆ ನೀನು ಅರ್ಧದಲ್ಲೇ ಬಾಯಿ ಹಾಕುತ್ತೀಯ ಅಂತ ಇದನ್ನು ಬರೆದು, ಮೈಸೂರಿಗೆ ಹೊರಟಿರುವ ಪ್ರಶಾಂತನ ಕೈಯಲ್ಲಿ ಕೊಡುತ್ತಿದ್ದೇನೆ.

ನಮ್ಮ ಕೆಳಗಿನ ಮನೆಯಲ್ಲಿದ್ದ ಇರಾನಿನ ಹುಡುಗಿ, ಹಲ್ಲಿನ ಕ್ಲಿನಿಕ್ಕಿನವಳು. ನೀನು ಇಲ್ಲಿಗೆ ಬಂದಿದ್ದಾಗ ನಿನ್ನ ಒತ್ತುಶಾವಿಗೆಯನ್ನು ಮೂರು ಸಲ ಹಾಕಿಸಿಕೊಂಡಳಲ್ಲ, ಅವಳೇ. ರಜೆಗೆ ಊರಿಗೆ ಹೋದವಳು ಹೆಂಗಸರ ಮೆರವಣಿಗೆಯಲ್ಲಿ ಸ್ಕಾರ್ಫ್ ತೆಗೆದು ನಡೆದಿದ್ದಳು. ಅವಳು ದೋಹಾಕ್ಕೆ ಮರಳಿದ ಮೇಲೆ ಶಿರಾಜ್ ಊರಿನ ಅವಳ ಮನೆಗೆ ಮಫ್ತಿ ಪೊಲೀಸರು ನುಗ್ಗಿ, ಅವಳು ಸಿಗದೆ ಅಣ್ಣನನ್ನು ಎಳೆದೊಯ್ದರು. ಆ ಫೋನ್ ಬಂದಾಗ ಅವಳು ನನ್ನ ಅಡುಗೆಮನೆಯಲ್ಲಿದ್ದಳು. ಮುಂದೆ ಇಲ್ಲಿಯ ಕೆಲಸ, ವೀಸಾ ಎರಡೂ ಮುಗಿದಾಗ ಸ್ವೀಡನ್ನಿಗೆ ಹೋಗಿ ಆಶ್ರಯ ಕೇಳಿದಳು.

ಅಲ್ಲಿ ಯಾರೂ ಗದರಿಸಲಿಲ್ಲ. ಕಾಫಿ ಕೊಟ್ಟೇ ಮಾತಾಡಿಸಿದರು, ಆದರೆ ನಂಬಲಿಲ್ಲ. ಇರಾನಿನವರ ತಿಂಗಳ ಲೆಕ್ಕವೇ ಬೇರೆ. ಅಣ್ಣನನ್ನು ಹಿಡಿದ ದಿನವನ್ನು ಇಂಗ್ಲಿಷ್ ತಾರೀಖಿಗೆ ತಿರುಗಿಸುವಾಗ ಇವಳು ಒಮ್ಮೆ ಅಕ್ಟೋಬರ್ ಅಂದಳು, ಇನ್ನೊಮ್ಮೆ ನವೆಂಬರ್. ಹೇಳಿಕೆ ಹೊಂದುವುದಿಲ್ಲ, ಇರಾನಿಗೆ ವಾಪಸ್ ಹೋಗು ಅಂದುಬಿಟ್ಟರು. ಹೋದರೆ ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ ಅಂತ ಅವಳು ಫೋನಿನಲ್ಲಿ ಹೇಳುತ್ತಲೇ ಇದ್ದಳು. ಮೇಲ್ಮನವಿಯೊಂದೇ ಉಳಿದಿತ್ತು.

ಆಗ ನೆನಪಾದದ್ದು ನೀನು ಪ್ರತಿ ವರ್ಷ ಕಳಿಸುವ ಕ್ಯಾಲೆಂಡರ್. ತಾರೀಖಿನ ಚೌಕದಲ್ಲಿ ಎಲ್ಲವನ್ನೂ ಬರೆದಿಡು ಅಂತ ನನ್ನ ಪ್ರಾಣ ತಿಂದು ಕಲಿಸಿದೆಯಲ್ಲ. ಹಳೆಯವನ್ನೆಲ್ಲ ಮಂಚದ ಕೆಳಗೆ ಸುತ್ತಿಟ್ಟಿದ್ದೆ. ಇಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದ ವರ್ಷ, ನಾನು ಊರಿಗೆ ಬರದ ವರ್ಷ, ನವೆಂಬರ್ ಹದಿನಾರು: 'ಗ್ಯಾಸ್ ಬದಲಿಸಿದೆ. ಮಹಶೀದ್ ಅಣ್ಣನನ್ನು ಹಿಡಿದರಂತೆ. ಇಲ್ಲೇ ಇದ್ದಾಳೆ.' ಅದರ ಕೆಳಗೆ ಇನ್ನೊಂದು ಸಾಲು.

ನಿನ್ನ ಅಳಿಯ ಮೊದಲು ಹೆದರಿದರು. ಪರದೇಶದಲ್ಲಿ ಅನ್ನ ತಿನ್ನೋರು ನಾವು, ಊರ ಉಸಾಬರಿ ನಮಗ್ಯಾಕೆ ಅಂದರು. ನೀನೂ ಅದನ್ನೇ ಅಂದಿದ್ದೆ, ಮರೆಯಬೇಡ. ನಾನೊಬ್ಬಳೇ ಹೋಗಿ ಸಾಕ್ಷಿಯ ಕಾಗದಕ್ಕೆ ಸಹಿ ಹಾಕಿದೆ. ಮಾರನೆಯ ದಿನ ರಾಸ್ ಲಫಾನ್ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಮುಗಿಸಿ ಬಂದ ಇವರು, ತಾವೇ ಕ್ಯಾಲೆಂಡರಿನ ಆ ಹಾಳೆಯನ್ನು ಸ್ಕ್ಯಾನ್ ಮಾಡಿಸಿಕೊಂಡು ಬಂದರು.

ಅಲ್ಲಿಯ ನ್ಯಾಯಾಲಯ ಹಾಳೆಯನ್ನು ಪೂರ್ತಿ ಅನುವಾದ ಮಾಡಿಸಿ, ನಂಬಿ, ಹಳೆಯ ತೀರ್ಮಾನವನ್ನು ತಳ್ಳಿಹಾಕಿತು. ನಿನ್ನೆ ಮಹಶೀದ್ ವಿಡಿಯೋದಲ್ಲಿ ಮೊದಲು ಅತ್ತಳು, ಆಮೇಲೆ ಕುಣಿದಳು. ನನಗಂತೂ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ ಅಮ್ಮ. ಅವಳು ಬಿಟ್ಟುಹೋಗಿದ್ದ ಕೇಸರಿಯನ್ನೆಲ್ಲ ಸುರಿದು ಕೇಸರಿಬಾತು ಮಾಡಿ ಇಡೀ ಬಿಲ್ಡಿಂಗಿಗೆ ಹಂಚಿದೆ.

ಹೊಸ ವರ್ಷದ ಕ್ಯಾಲೆಂಡರ್ ಎರಡು ಕಳಿಸು. ಒಂದು ಸ್ವೀಡನ್ನಿಗೆ.

ಊರ ಉಸಾಬರಿಯ ನಿನ್ನ ಮಗಳು,
ಗಾನವಿ

ತಾ.ಕ.: ಇನ್ನೊಂದು ಸಾಲು ಯಾವುದು ಅಂತ ಕೇಳದೆ ನೀನು ಬಿಡುವವಳಲ್ಲ. 'ಟಿಕೆಟ್ ರದ್ದು ಮಾಡಿಸಿದೆ. ಸಿಗಲಿಲ್ಲ ಅಂತ ಅಮ್ಮನಿಗೆ ಸುಳ್ಳು ಹೇಳಿದೆ.' ಅಪ್ಪನ ಮೊದಲ ವರ್ಷದ ತಿಥಿಗೆ ನಾನು ಬರದಿದ್ದದ್ದು ವಿಶ್ವಕಪ್ಪಿನ ನೂಕುನುಗ್ಗಲಿನಿಂದಲ್ಲ. ಆ ಹುಡುಗಿಯನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ಟಿಕೆಟ್ ರದ್ದಾದದ್ದಕ್ಕೆ ವಿಮಾನದವರ ದಾಖಲೆಯಲ್ಲೂ ಅದೇ ತಾರೀಖು ಇದ್ದದ್ದರಿಂದಲೇ ನ್ಯಾಯಾಲಯದವರು ಹಾಳೆಯನ್ನು ನಂಬಿದ್ದು. ತಾಯಿಗೆ ಹೇಳಿದ ಸುಳ್ಳನ್ನು ಯಾರೂ ಸುಮ್ಮನೆ ಬರೆದಿಟ್ಟುಕೊಳ್ಳುವುದಿಲ್ಲ ಅಂತ ತೀರ್ಪಿನಲ್ಲೇ ಇದೆ. ಬರದಿದ್ದಕ್ಕೆ ಬೈಯಬೇಡ, ಸುಳ್ಳಿಗೆ ಎಷ್ಟು ಬೇಕಾದರೂ ಬೈ.