ಮಳೆಗಂಡಸಿಲ್ಲದ ಪ್ರವಾಸ

ಅಪ್ಪಾ,

ಚೂಝೆಂಜಿ ಸರೋವರಕ್ಕೆ ಹೋಗಿಬರೋಣ ಅಂತ ಅಮ್ಮನ್ನ ಒಪ್ಪಿಸೋದರಲ್ಲೇ ನನಗೆ ಸಾಕುಸಾಕಾಗಿದೆ. ನಾನು ಬಿಸಿಲಿರೋ ದಿನ ಹುಡುಕಿ ಹುಡುಕಿ ಅಲ್ಲಿ ರೂಮ್ ಹಿಡೀತೀನಿ. ಅವಳು ಒಂದು ಸಲ ಮಂಡಿನೋವು ಅಂತಾಳೆ, ಇನ್ನೊಂದು ಸಲ ಬೆಕ್ಕಿಗೆ ಯಾರು ಊಟ ಹಾಕ್ತಾರೆ ಅಂತಾಳೆ. ಬೆಕ್ಕು ಪಕ್ಕದ ಮನೆಯದು, ಅಪ್ಪಾ!

"ಮಳೆಗಂಡಸು ಇಲ್ಲದೆ ನಮ್ಮ ಪ್ರವಾಸ ಹೊರಡಲ್ಲ ಬಿಡಕ್ಕಾ," ಅಂತ ತಮ್ಮ ಇಸಾಮು ನಗ್ತಾನೆ. ನೀನು ಕಾಲಿಟ್ಟ ಕಡೆಯೆಲ್ಲ ಮಳೆ ಬರುತ್ತೆ ಅಂತ ಬಂಧುಬಳಗವೆಲ್ಲ ನಿನ್ನನ್ನ ಹಾಗೇ ತಾನೆ ಕರೀತಿದ್ದದ್ದು? ಅಷ್ಟು ಸಲ ಆ ಸರೋವರಕ್ಕೆ ಹೋದರೂ ನೀರಿನಲ್ಲಿ ಬೆಟ್ಟದ ನೆರಳು ನಾನು ಕಂಡಿಲ್ಲ. ಕಂಡಿದ್ದೆಲ್ಲ ಮುಂದೆ ನಡೀತಿದ್ದ ನಿನ್ನ ಒದ್ದೆ ಬೆನ್ನು.

ಇವತ್ತು ಅಮ್ಮ ಅಂತೂ ಶನಿವಾರಕ್ಕೆ ಹೂಂ ಅಂದಳು. ಬಿಸಿಲು ಬರಲಿ ಅಂತ ನಾನು ಬಿಳಿ ಬಟ್ಟೆಯ ಬೊಂಬೆ ಮಾಡಿ ಕಿಟಕಿಗೆ ನೇತುಹಾಕಿದೆ. ಸ್ನಾನ ಮುಗಿಸಿ ಬಂದು ನೋಡಿದರೆ ಬೊಂಬೆ ತಲೆಕೆಳಗಾಗಿ ತೂಗಾಡ್ತಿದೆ!

"ಅಮ್ಮಾ, ಹೀಗೆ ಕಟ್ಟಿದ್ರೆ ಮಳೆ ಬರುತ್ತೆ, ಅಷ್ಟೂ ಗೊತ್ತಿಲ್ವಾ ನಿಂಗೆ?" ಅಂತ ರೇಗಿದೆ.

"ಗೊತ್ತಿದ್ದೇ ಕಟ್ಟಿದೀನಿ," ಅಂದಳು, ಅಕ್ಕಿ ತೊಳೀತಿದ್ದವಳು ತಲೆ ಎತ್ತದೆ. "ಅಲ್ಲೂ ಬಿಸಿಲಿದ್ರೆ, ನಿಮ್ಮಪ್ಪ ಬಂದಿಲ್ಲ ಅಂತ ಗೊತ್ತಾಗಿಬಿಡುತ್ತಲ್ಲೇ."

ನಾನು ಬೊಂಬೆ ಮುಟ್ಟಲಿಲ್ಲ. ಕೊಡೆ ಹುಡುಕೋಕೆ ಹೋದೆ.

ಶನಿವಾರ ಪೂರ್ತಿ ಬಿಸಿಲು ಅಂತ ಹವಾಮಾನದವರು ಹೇಳ್ತಿದಾರೆ. ನೀನಿದ್ದಾಗ ಅವರ ಮಾತು ಒಂದು ಸಲವೂ ನಿಜ ಆಗಲಿಲ್ಲ. ಈಗ ಮಾತ್ರ ಯಾಕಪ್ಪಾ ನಿಜ ಆಗಬೇಕು?

ನಿನ್ನ ಮಗಳು,
ಚಿಗುಸಾ