ಸಿಹಿ ಹುಣಸೆಯ ಬೀಜ ಬೇಡ, ಕಡ್ಡಿ ಕೊಡಿ

ಬೀಜದ ಸಸಿ ಹಂಚಿ ಮರ ಕಡಿಯಲು ಹೊರಟ ಮಾನ್ಯ ರಸ್ತೆ ಅಧಿಕಾರಿಗಳೇ,

ಸುರಪುರದಿಂದ ಶಹಾಪುರಕ್ಕೆ ಹೋಗುವ ದಾರಿಯ ಸಿಹಿ ಹುಣಸೆ ಮರವನ್ನು ಬರುವ ಸೋಮವಾರ ಕೆಡವುತ್ತೀರಂತೆ. ಉಳಿಸಿ ಎಂದು ಕೇಳಲು ಬಂದ ನಮಗೆ ಅದರದೇ ಬೀಜದ ಸಸಿಗಳನ್ನು ಕೊಟ್ಟು, "ಅದೇ ಮರ ನೂರಾಗಿ ಬರುತ್ತದೆ, ಹೋಗಿ" ಎಂದಿರಿ. ಎಂಥ ಉದಾರ ಮನಸ್ಸು! ಆದರೆ ಅದೇ ಮರ ಬರುವುದಿಲ್ಲ ಸ್ವಾಮಿ. ಇದನ್ನು ಹೇಳದೆ ನನಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ.

ನನ್ನ ತಾಯಿ ಲಾಲಮ್ಮ ಈ ಮರದ ಹಣ್ಣಿನಿಂದ ಚಿಗಳಿ ಕುಟ್ಟಿ ಶಾಲೆಯ ಮುಂದೆ ಮಾರುತ್ತಾಳೆ. ಉಳಿದವರು ಹುಣಸೆಗೆ ಬೆಲ್ಲ ಬೆರೆಸಿದರೆ ಇವಳದು ಉಪ್ಪು, ಜೀರಿಗೆ, ಖಾರ ಅಷ್ಟೇ. ಹಿತ್ತಲಲ್ಲೂ ಒಂದಿರಲೆಂದು ಇದರ ಬೀಜ ಊರಿದ್ದಳು. ವರ್ಷಗಟ್ಟಲೆ ನೀರೆರೆದ ಮೇಲೆ ಕಾಯಿ ಬಿಟ್ಟಿತು. ರೂಢಿಯಂತೆ ಬೆಲ್ಲವಿಲ್ಲದೆ ಕುಟ್ಟಿ, ಮೊದಲ ಚಿಗಳಿಯನ್ನು ಮನೆಗೆ ಬಂದ ಬೀಗರಿಗೇ ಕೊಟ್ಟೆವು. ಹುಳಿಗೆ ಹಲ್ಲು ಚಳಿತು ಅವರು ಹೋಳಿಗೆಯನ್ನೂ ಮುಟ್ಟಲಿಲ್ಲ. ಅವ್ವ ನಕ್ಕುಬಿಟ್ಟಳು: "ಮಗಳು ತಾಯಿ ಹಂಗ ಇರಬೇಕಂತ ಎಲ್ಲೈತ್ರಿ? ನಾ ಹಡದಾಕಿ ನನ್ಹಂಗ ಅದಾಳೇನು?"

ಪ್ರೌಢಶಾಲೆಯಲ್ಲಿ ನಾನು ಕಲಿಸುವ ಪಾಠವೂ ಇದೇ. ಬೀಜಕ್ಕೆ ಅರ್ಧ ವಂಶವಾಹಿ ತಾಯಿಯದು, ಇನ್ನರ್ಧ ಜೇನುಹುಳು ಯಾವ ಮರದಿಂದಲೋ ತಂದ ಪರಾಗದ್ದು. ಕಸಿಯ ಕಡ್ಡಿಯಲ್ಲಿ ಬೆರಕೆಯಿಲ್ಲ. ಅದು ಆ ಮರವೇ. ಬೀಜದ ಗಿಡಗಳು ಬೇಡವೆನ್ನುತ್ತಿಲ್ಲ. ಒಂದರಂತೆ ಇನ್ನೊಂದಿರದ ಕಾರಣಕ್ಕೇ ಒಂದೇ ರೋಗಕ್ಕೆ ಎಲ್ಲವೂ ಸಾಯುವುದಿಲ್ಲ. ಆದರೆ ಈ ಸಿಹಿಯನ್ನು ಅವುಗಳಿಂದ ಹೇಗೆ ತರುತ್ತೀರಿ? ಆದೇಶ ಹೊರಡಿಸಿಯೇ?

ಕಸಿ ಕಟ್ಟುವ ಖಾಜಾಹುಸೇನ ಮೊನ್ನೆ ಮರ ನೋಡಿ ಹೇಳಿದ: "ಕಡ್ಡಿ ಇನ್ನಾ ಎಳೇವದಾವ ಟೀಚರ್. ಈಗ ಕಟ್ಟಿದ್ರ ಹತ್ತಂಗಿಲ್ರಿ. ಎರಡು ವಾರ ತಡೀಬೇಕ್ರಿ." ಅಂದಿನಿಂದ ದಾರಿಯಲ್ಲಿ ಜೆಸಿಬಿ ಸದ್ದಾದರೆ ಸಾಕು, ಪಾಠ ಬಿಟ್ಟು ಕಿಟಕಿಗೆ ಓಡುತ್ತೇನೆ. ಭಯವಾಗುತ್ತದೆ.

ರಸ್ತೆ ಬೇಡವೆಂದು ನಾವು ಹೇಳಿಲ್ಲ. ಎರಡೇ ವಾರ ಗರಗಸ ತಡೆಯಿರಿ. ತಾವು ಕೊಟ್ಟ ಸಸಿಗಳನ್ನೇ ಬುಡವಾಗಿಟ್ಟು ಈ ಮರದ ಕಡ್ಡಿ ಕಟ್ಟಿಸುತ್ತೇವೆ. ತಮ್ಮ ದಾನವೂ ವ್ಯರ್ಥವಾಗದು. ಸೋಮವಾರವೇ ಬರುವುದಾದರೆ ನೋಡಿಕೊಂಡು ಬನ್ನಿ, ಮರದಡಿ ನನ್ನವ್ವ ಕುಳಿತಿರುತ್ತಾಳೆ. ಅವಳಂಥವಳೂ ಇನ್ನೊಬ್ಬಳು ಹುಟ್ಟಿಲ್ಲ.

ಇಂತಿ,
ಲಾಲಮ್ಮನ ಹೊಟ್ಟೆಯಲ್ಲಿ ಹುಟ್ಟಿಯೂ ಒಂದು ಚಿಗಳಿ ನೆಟ್ಟಗೆ ಕುಟ್ಟಲು ಬಾರದ
ಪಂಚಶೀಲಾ, ಸುರಪುರ